ಫೋರಂಗಳ ಕಾಲ ಮುಗೀತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಫೋರಂಗಳನ್ನು ಸೋಷಿಯಲ್ ಮೀಡಿಯಾ ಮುಗಿಸಿಬಿಡ್ತು, ಅಲ್ವಾ? ಈಗ ಪ್ರತಿಯೊಂದು ವಿಷಯಕ್ಕೂ ಒಂದು ಫೇಸ್‌ಬುಕ್ ಗ್ರೂಪ್ ಇದೆ, ವಾಟ್ಸಾಪ್ ಗ್ರೂಪ್ ಇದೆ. ಹಳೇ ಫೋರಂಗಳು ಹೋದರೆ ಹೋಗಲಿ ಬಿಡಿ. ಅದಕ್ಕೆ ನಿಮಗ್ಯಾಕೆ ಇಷ್ಟು ಬೇಜಾರು?"

ಫೋರಂ ಅಂದರೆ ಒಂದು ವಿಷಯದ ಬಗ್ಗೆ ಜನ ಪ್ರಶ್ನೆ ಕೇಳಿ ಉತ್ತರ ಬರೆಯುವ ವೆಬ್‌ಸೈಟ್. ನಾನು ವರ್ಷಗಟ್ಟಲೆ ಇಂಥ ಫೋರಂಗಳಲ್ಲಿ ಪ್ರಶ್ನೆ ಕೇಳಿದ್ದೇನೆ, ಉತ್ತರ ಬರೆದಿದ್ದೇನೆ, ಪೋಸ್ಟ್‌ಗಳ ಮೇಲೆ ಕಣ್ಣಿಡುವ ಮಾಡರೇಟರ್ ಕೆಲಸವನ್ನೂ ಮಾಡಿದ್ದೇನೆ. ಹಾಗಾಗಿ ಗೊತ್ತಿರುವವರು ಇದನ್ನು ನನ್ನನ್ನೇ ಕೇಳುತ್ತಾರೆ. ಜನ ಬಿಟ್ಟು ಹೋಗಿದ್ದು ನಿಜ. ಹೋಗಿದ್ದಕ್ಕೆ ಸರಿಯಾದ ಕಾರಣಗಳೂ ಇದ್ದವು. ಆದರೆ ಫೋರಂ ಮಾಡುತ್ತಿದ್ದ ಒಂದು ಮುಖ್ಯ ಕೆಲಸ ಇತ್ತು. ಅದನ್ನು ಅಷ್ಟು ಚೆನ್ನಾಗಿ ಮಾಡುವ ಜಾಗ ಆಮೇಲೆ ಬಂದಿಲ್ಲ. ಅಲ್ಲಿ ಬರೆದ ಉತ್ತರ ಕೇಳಿದವರಿಗೆ ಮಾತ್ರ ತಲುಪಿ ನಿಲ್ಲುತ್ತಿರಲಿಲ್ಲ. ಐದಾರು ವರ್ಷ ಕಳೆದ ಮೇಲೆ ಅದೇ ತೊಂದರೆಯಲ್ಲಿ ಸಿಕ್ಕಿಕೊಂಡು ಹುಡುಕಿಕೊಂಡು ಬರುವ ಇನ್ನೊಬ್ಬರಿಗೂ ಸಿಗುತ್ತಿತ್ತು. ನನ್ನ ಬೇಜಾರೆಲ್ಲ ಹಾಗೆ ತಡವಾಗಿ ಬರುವವರ ಬಗ್ಗೆ.

ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಲಿಗೆ ಮಿಷಿನ್ ಫೋರಂಗಳಲ್ಲಿ ಈ ಬಗೆಯ ಥ್ರೆಡ್ (ಒಂದು ಪ್ರಶ್ನೆ, ಅದರ ಕೆಳಗೆ ಬಂದ ಉತ್ತರಗಳ ಸಾಲು) ತುಂಬಾ ಸಾಮಾನ್ಯ. ಹೊಸಬರೊಬ್ಬರು ಕೇಳುತ್ತಾರೆ: "ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಸಿಕ್ಕು ಬೀಳುತ್ತಿದೆ. ಬಾಬಿನ್ ಬದಲಾಯಿಸಿ ನೋಡಿದೆ, ಸರಿ ಹೋಗಲಿಲ್ಲ. ಏನು ಮಾಡಲಿ?" ಸಿಕ್ಕು ಕಾಣುವುದು ಅಡಿಯಲ್ಲಿ. ಹಾಗಾಗಿ ಎಲ್ಲರಿಗೂ ಮೊದಲು ಅನುಮಾನ ಬರುವುದು ಅಲ್ಲೇ ಇರುವ ಬಾಬಿನ್ ಮೇಲೆ, ಅಂದರೆ ಕೆಳಗಿನ ದಾರ ಸುತ್ತಿದ ಉರುಳೆಯ ಮೇಲೆ. ಮೊದಲ ಉತ್ತರವೂ ಅದನ್ನೇ ಹೇಳುತ್ತದೆ: ಬಾಬಿನ್ ಕೇಸ್ ಕ್ಲೀನ್ ಮಾಡಿ. ಮಾರನೇ ದಿನ ಕೈ ಪಳಗಿದ ಒಬ್ಬರು ಬರುತ್ತಾರೆ. ಉತ್ತರ ಕೊಡುವ ಮೊದಲು ಅವರೇ ಒಂದು ಪ್ರಶ್ನೆ ಕೇಳುತ್ತಾರೆ: "ಮೇಲಿನ ದಾರ ಪೋಣಿಸುವಾಗ ಪ್ರೆಸರ್ ಫುಟ್ ಎತ್ತಿತ್ತಾ, ಇಳಿದಿತ್ತಾ?" ಇಳಿದಿತ್ತು. ಪ್ರೆಸರ್ ಫುಟ್ ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ. ಆಗ ವಿವರಿಸುತ್ತಾರೆ. ಫುಟ್ ಇಳಿದಿದ್ದಾಗ ಮೇಲಿನ ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ದಾರ ಅವುಗಳ ನಡುವೆ ಕೂರುವುದಿಲ್ಲ. ಹಿಡಿತವೇ ಇಲ್ಲದ ಮೇಲಿನ ದಾರ ಬೇಕಾದ್ದಕ್ಕಿಂತ ಜಾಸ್ತಿ ಕೆಳಗಿಳಿದು ಅಡಿಯಲ್ಲಿ ಕುಣಿಕೆಯಾಗುತ್ತದೆ. ತೊಂದರೆ ಕಾಣುತ್ತಿರುವುದು ಕೆಳಗೆ, ಇರುವುದು ಮೇಲೆ. ಫುಟ್ ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿ ಅನ್ನುತ್ತಾರೆ. ಎರಡು ದಿನ ಬಿಟ್ಟು ಕೇಳಿದವರು ವಾಪಸ್ ಬಂದು "ಸರಿ ಹೋಯ್ತು, ಥ್ಯಾಂಕ್ಸ್" ಅಂತ ಬರೆಯುತ್ತಾರೆ.

ಒಳ್ಳೆಯ ಥ್ರೆಡ್ ಅಲ್ಲಿಗೇ ನಿಲ್ಲುವುದಿಲ್ಲ. ಮೂರು ವರ್ಷ ಆದ ಮೇಲೆ ಇನ್ಯಾರೋ ಬಂದು, ಹೇಳಿದ ಹಾಗೇ ಮಾಡಿದರೂ ಕುಣಿಕೆ ನಿಂತಿಲ್ಲ ಅನ್ನುತ್ತಾರೆ. ಹಳಬರು ಮತ್ತೆ ಬಂದು, ಬಿಲ್ಲೆಗಳ ನಡುವೆ ಹಳೇ ದಾರದ ತುಣುಕೋ ಧೂಳೋ ಸಿಕ್ಕಿಕೊಂಡಿರಬಹುದು, ತೆಳು ಬಟ್ಟೆಯೊಂದನ್ನು ನಡುವೆ ಎಳೆದು ಒರೆಸಿ ಅನ್ನುತ್ತಾರೆ. ಅದೂ ಅದೇ ಪುಟದ ಕೆಳಗೆ ಸೇರುತ್ತದೆ. ಈಗ ಆ ಪುಟದಲ್ಲಿ ತಪ್ಪಾದ ಊಹೆ ಇದೆ, ಅದು ಯಾಕೆ ತಪ್ಪು ಅನ್ನುವುದಿದೆ, ಸರಿಯಾದ ಕಾರಣ ಇದೆ, ಅದೂ ಕೆಲಸ ಮಾಡದಿದ್ದರೆ ಮುಂದೇನು ಅನ್ನುವುದೂ ಇದೆ. ಇಷ್ಟನ್ನು ಯಾರೂ ಒಬ್ಬರೇ ಕೂತು ಬರೆದಿಲ್ಲ. ಒಬ್ಬರೇ ಬರೆದಿದ್ದರೆ ಆ ತಪ್ಪು ಊಹೆ ಪುಟದಲ್ಲಿ ಉಳಿಯುತ್ತಲೇ ಇರಲಿಲ್ಲ. ಹೊಸಬರಿಗೆ ಅದು ಕಾಣುವುದೂ ಮುಖ್ಯ, ಯಾಕಂದರೆ ಅವರ ತಲೆಯಲ್ಲೂ ಮೊದಲು ಬಂದಿರುವುದು ಅದೇ ಊಹೆ.

ಇದೇ ಪ್ರಶ್ನೆಯನ್ನು ಇವತ್ತು ದೊಡ್ಡದೊಂದು ಗ್ರೂಪಿನಲ್ಲಿ ಹಾಕಿ ನೋಡಿ. ಅರ್ಧ ಗಂಟೆಯಲ್ಲಿ ರಾಶಿ ಉತ್ತರ ಬರುತ್ತದೆ. "ನನಗೂ ಇದೇ ಪ್ರಾಬ್ಲಂ", "ಬಾಬಿನ್ ನೋಡಿ", "ಹೊಸ ಮಿಷಿನ್ ತಗೊಳ್ಳಿ". ನಡುವೆ ಎಲ್ಲೋ ಸರಿಯಾದ ಉತ್ತರವೂ ಇರುತ್ತದೆ. ಕೇಳಿದವರ ಕೆಲಸ ಆಗುತ್ತದೆ, ಅದೂ ಫೋರಂಗಿಂತ ಬೇಗ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ದಿನದಲ್ಲಿ ಆ ಪೋಸ್ಟ್ ಕೆಳಗೆ ಜಾರಿ ಕಣ್ಮರೆಯಾಗುತ್ತದೆ. ಮುಂದಿನ ವಾರ ಇನ್ನೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ. ಅದೇ ಅನುಭವಸ್ಥರು ಅದೇ ಉತ್ತರವನ್ನು ಮತ್ತೆ ಬರೆಯುತ್ತಾರೆ. ಕೆಲವು ತಿಂಗಳಲ್ಲಿ ಅವರಿಗೆ ಸಾಕಾಗುತ್ತದೆ. ಬರೆಯುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಉಳಿಯುವುದು "ಬಾಬಿನ್ ನೋಡಿ" ಮಾತ್ರ.

ಹೀಗಾಗುವುದಕ್ಕೆ ಜನರ ಸ್ವಭಾವ ಕಾರಣ ಅಂತ ನನಗೆ ಅನಿಸುವುದಿಲ್ಲ. ಎರಡೂ ಕಡೆ ಇರುವವರು ಅದೇ ಜನ. ಪೋಸ್ಟ್‌ಗಳನ್ನು ಜೋಡಿಸುವ ಕ್ರಮವೇ ಬೇರೆ. ಫೋರಂನಲ್ಲಿ ಒಂದೇ ನಿಯಮ: ಯಾವ ಥ್ರೆಡ್‌ಗೆ ಕೊನೆಯದಾಗಿ ಉತ್ತರ ಬಂತೋ ಅದು ಮೇಲೆ ಬರುತ್ತದೆ. ಇದಕ್ಕೆ ಬಂಪ್ ಅನ್ನುತ್ತಿದ್ದೆವು. 2005ರ ಥ್ರೆಡ್‌ಗೆ ಇವತ್ತು ಒಬ್ಬರು ಉತ್ತರ ಬರೆದರೆ ಅದು ಇವತ್ತಿನ ಮೊದಲ ಸಾಲಿನಲ್ಲಿ ಕಾಣುತ್ತಿತ್ತು. ಹಳಬರಿಗೂ ಹೊಸಬರಿಗೂ ಒಂದೇ ಪಟ್ಟಿ, ಒಂದೇ ಕ್ರಮ. ಫೇಸ್‌ಬುಕ್ 2006ರಲ್ಲಿ ನ್ಯೂಸ್ ಫೀಡ್ ತಂದಿತು, 2009ರಲ್ಲಿ ಲೈಕ್ ಬಟನ್ ತಂದಿತು. 2016ರಲ್ಲಿ ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ಕೂಡ ಸಮಯದ ಕ್ರಮ ಬಿಟ್ಟು, ನಿಮಗೆ ಏನು ಹಿಡಿಸಬಹುದು ಅಂತ ಲೆಕ್ಕ ಹಾಕಿ ತೋರಿಸುವ ದಾರಿಗೆ ಬಂದವು. ಆ ಲೆಕ್ಕದಲ್ಲಿ ಹೊಸದಕ್ಕೆ ಬೆಲೆ ಜಾಸ್ತಿ, ಬೇಗ ಪ್ರತಿಕ್ರಿಯೆ ಬರುವುದಕ್ಕೆ ಇನ್ನೂ ಜಾಸ್ತಿ. ಒಂದು ದಿನ ಯೋಚಿಸಿ, ಮಿಷಿನ್ ಬಿಚ್ಚಿ ನೋಡಿ, ಆಮೇಲೆ ಉತ್ತರ ಬರೆಯುವವರಿಗೆ ಅಲ್ಲಿ ಜಾಗ ಇಲ್ಲ. ಅವರು ಬರೆಯುವ ಹೊತ್ತಿಗೆ ಓದುವವರೆಲ್ಲ ಮುಂದೆ ಹೋಗಿರುತ್ತಾರೆ.

ತಡವಾಗಿ ಬರುವವರಿಗಾಗಿ ಬರೆಯುವ ಈ ಅಭ್ಯಾಸ ವೆಬ್‌ಗಿಂತ ಹಳೆಯದು. ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಅನ್ನುವ ಇಬ್ಬರು ಹವ್ಯಾಸಿಗಳು 1978ರ ಫೆಬ್ರವರಿಯಲ್ಲಿ ಷಿಕಾಗೋದಲ್ಲಿ ಸಿಬಿಬಿಎಸ್ ಶುರು ಮಾಡಿದರು. ಕಂಪ್ಯೂಟರಿನಿಂದ ಫೋನ್ ಮಾಡಿ ಸಂದೇಶ ಓದಿ ಬರೆಯುವ ಫಲಕ ಅದು. ಇದ್ದದ್ದು ಒಂದೇ ಫೋನ್ ಲೈನ್. ಒಂದು ಸಲಕ್ಕೆ ಒಬ್ಬರೇ ಒಳಗೆ ಬರಬಹುದಿತ್ತು. ಅವರು ಓದಿ, ಬರೆದು, ಫೋನ್ ಇಟ್ಟ ಮೇಲೆ ಇನ್ನೊಬ್ಬರು. ಅಂದರೆ ಅಲ್ಲಿ ಬರೆಯುತ್ತಿದ್ದವರೆಲ್ಲ ಆ ಹೊತ್ತಿಗೆ ಅಲ್ಲಿಲ್ಲದವರಿಗಾಗಿಯೇ ಬರೆಯುತ್ತಿದ್ದರು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್, ವಿಷಯಕ್ಕೊಂದು ಗುಂಪು ಮಾಡಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸಂದೇಶ ಸಾಗಿಸುವ ಯೂಸ್‌ನೆಟ್‌ನ ಯೋಚನೆ ಮಾಡಿದರು. 1991ರ ಆಗಸ್ಟ್‌ನಲ್ಲಿ ಟಿಮ್ ಬರ್ನರ್ಸ್-ಲೀ ತಾವು ರೂಪಿಸಿದ ವರ್ಲ್ಡ್ ವೈಡ್ ವೆಬ್ ಬಗ್ಗೆ ಹೇಳಿಕೊಂಡದ್ದು ಯೂಸ್‌ನೆಟ್‌ನ ಒಂದು ಗುಂಪಿನಲ್ಲಿ. ಅದೇ ತಿಂಗಳು ಲಿನಸ್ ಟೊರ್ವಾಲ್ಡ್ಸ್ ಇನ್ನೊಂದು ಗುಂಪಿನಲ್ಲಿ, ಹವ್ಯಾಸಕ್ಕೆ ಅಂತ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ದೊಡ್ಡದೇನೂ ಆಗುವುದಿಲ್ಲ ಅಂತ ಬರೆದರು. ಅದು ಲಿನಕ್ಸ್. ಎರಡೂ ಸಂದೇಶಗಳನ್ನು ಇವತ್ತಿಗೂ ಓದಬಹುದು.

ಇನ್ನು ಜನ ಯಾಕೆ ಹೋದರು ಅನ್ನುವುದು. ಫೋರಂಗಳನ್ನು ಪ್ರೀತಿಸುವವರು ಈ ಭಾಗವನ್ನು ಹೇಳದೆ ಬಿಡುತ್ತಾರೆ. ಹೇಳಲೇಬೇಕು.

ಮೊದಲನೆಯದು ಅನುಕೂಲ. ಪ್ರತಿ ಫೋರಂಗೂ ಬೇರೆ ಅಕೌಂಟ್, ಬೇರೆ ಪಾಸ್‌ವರ್ಡ್, ಇಮೇಲ್ ದೃಢೀಕರಣ, ಮೊದಲ ಪೋಸ್ಟ್‌ಗೆ ಮಾಡರೇಟರ್ ಒಪ್ಪಿಗೆ. ಫೋರಂ ನಡೆಸುವ ಪಿಎಚ್‌ಪಿಬಿಬಿ, ವಿಬುಲೆಟಿನ್ ತರಹದ ಸಾಫ್ಟ್‌ವೇರ್‌ಗಳು ಬಂದದ್ದು 2000ದ ಸುಮಾರಿಗೆ. ಅವುಗಳ ಪುಟಗಳು ಕಂಪ್ಯೂಟರ್ ಪರದೆಗೆ ಮಾಡಿದವು. ಫೋನ್ ಬಂದ ಮೇಲೆ ಆ ಪುಟಗಳಲ್ಲಿ ಚಿಕ್ಕ ಅಕ್ಷರಗಳನ್ನು ಹಿಗ್ಗಿಸಿ ಓದುವುದೇ ಒಂದು ಕೆಲಸ. ಫೋನಿನಿಂದ ಒಂದು ಫೋಟೋ ಹಾಕಲು ಹರಸಾಹಸ. ಗ್ರೂಪಿನಲ್ಲಿ ಅದು ಎರಡು ಒತ್ತುಗಳ ಕೆಲಸ.

ಎರಡನೆಯದು, ಹೊಸಬರನ್ನು ನಡೆಸಿಕೊಂಡ ರೀತಿ. ಇದು ನನಗೆ ಎಲ್ಲಕ್ಕಿಂತ ನೋವು ಕೊಡುವ ವಿಷಯ. "ಸರ್ಚ್ ಮಾಡಿ ಕೇಳಿ", "ಇದನ್ನು ನೂರು ಸಲ ಹೇಳಾಗಿದೆ", "ತಪ್ಪು ವಿಭಾಗ, ಥ್ರೆಡ್ ಲಾಕ್ ಮಾಡಲಾಗಿದೆ". ಮೊದಲ ಸಲ ಧೈರ್ಯ ಮಾಡಿ ಬರೆದವರಿಗೆ ಸಿಗುತ್ತಿದ್ದ ಸ್ವಾಗತ ಎಷ್ಟೋ ಕಡೆ ಇದು. ಯೂಸ್‌ನೆಟ್ ಕಾಲದಲ್ಲೇ ಇದು ಶುರುವಾಗಿತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದವರು ಬರುತ್ತಿದ್ದರು, ಹಳಬರು ಗೊಣಗುತ್ತಿದ್ದರು, ಒಂದೆರಡು ತಿಂಗಳಲ್ಲಿ ಎಲ್ಲ ಸರಿಯಾಗುತ್ತಿತ್ತು. 1993ರ ನಂತರ ಇಂಟರ್ನೆಟ್ ಸಾಮಾನ್ಯ ಜನರಿಗೂ ತೆರೆದುಕೊಂಡು ಹೊಸಬರು ವರ್ಷವಿಡೀ ಬರತೊಡಗಿದರು. ಹಳಬರು ಅದನ್ನು ಮುಗಿಯದ ಸೆಪ್ಟೆಂಬರ್ ಅಂತ ಕರೆದರು. ಅಷ್ಟು ಜನ ಬರುತ್ತಿದ್ದಾರೆ ಅಂದರೆ ಸಂತೋಷ ಪಡಬೇಕಿತ್ತು. ಫೇಸ್‌ಬುಕ್ ಗ್ರೂಪುಗಳಲ್ಲಿ ದಡ್ಡ ಪ್ರಶ್ನೆಗೂ ಯಾರಾದರೂ ಒಬ್ಬರು ನಗುಮುಖದಿಂದ ಉತ್ತರ ಕೊಡುತ್ತಿದ್ದರು. ಜನ ಅಲ್ಲಿಗೆ ಹೋದರೆ ಅದರಲ್ಲಿ ಆಶ್ಚರ್ಯ ಏನಿದೆ?

ಮೂರನೆಯದು ಹೊರಗಿನವರಿಗೆ ಕಾಣುವುದೇ ಇಲ್ಲ. ಬಹುಪಾಲು ಫೋರಂಗಳು ನಿಂತಿದ್ದು ಒಬ್ಬರ ಹೆಗಲ ಮೇಲೆ. ಸರ್ವರ್ ಬಿಲ್ ಅವರದು. ಡೊಮೇನ್, ಅಂದರೆ ಸೈಟಿನ ವಿಳಾಸ, ಅವರ ಹೆಸರಲ್ಲಿ. ರಾತ್ರಿ ಸ್ಪ್ಯಾಮ್ ಬಾಟ್‌ಗಳು ನುಗ್ಗಿ ನೂರಾರು ಜಾಹೀರಾತು ಪೋಸ್ಟ್ ಹಾಕಿದರೆ ಬೆಳಿಗ್ಗೆ ಕೂತು ಅಳಿಸುವವರೂ ಅವರೇ. ಸಾಫ್ಟ್‌ವೇರ್‌ನಲ್ಲಿ ಭದ್ರತೆಯ ಲೋಪ ಸಿಕ್ಕಿದರೆ ಅಪ್‌ಡೇಟ್ ಮಾಡಬೇಕು, ಮಾಡಿದರೆ ಹಳೇ ಥೀಮ್ ಮುರಿದುಹೋಗುತ್ತದೆ. ಇಬ್ಬರು ಸದಸ್ಯರು ಜಗಳವಾಡಿದರೆ ಪಂಚಾಯಿತಿ. ಯಾರನ್ನು ಬ್ಯಾನ್ ಮಾಡಿದರೂ ಅರ್ಧ ಜನಕ್ಕೆ ಸಿಟ್ಟು. ಇದಕ್ಕೆ ಸಂಬಳ ಇಲ್ಲ. ಅವರಿಗೆ ಮದುವೆ ಆಗುತ್ತದೆ, ಮಗು ಆಗುತ್ತದೆ, ಕೆಲಸ ಬದಲಾಗುತ್ತದೆ, ಆರೋಗ್ಯ ಕೆಡುತ್ತದೆ. ಒಂದು ವರ್ಷ ಡೊಮೇನ್ ರಿನ್ಯೂ ಮಾಡಲು ಆಗುವುದಿಲ್ಲ. ಅಷ್ಟೇ ಸಾಕು, ಹದಿನೈದು ವರ್ಷಗಳ ಮಾತುಕತೆ ಮಾಯ. ಸೋಷಿಯಲ್ ಮೀಡಿಯಾ ಇರದಿದ್ದರೂ ಇಂಥ ಎಷ್ಟೋ ಫೋರಂಗಳು ಹೀಗೇ ನಿಂತುಹೋಗುತ್ತಿದ್ದವು ಅಂತ ನನಗೆ ಅನಿಸುತ್ತದೆ.

ಇದರ ಮೇಲೆ 2017ರಲ್ಲಿ ಫೋಟೋಗಳು ಹೋದವು. ಫೋರಂಗಳಲ್ಲಿ ಜಾಗ ಕಡಿಮೆ, ಹಾಗಾಗಿ ಸದಸ್ಯರು ಫೋಟೋಗಳನ್ನು ಫೋಟೋಬಕೆಟ್ ತರಹದ ತಾಣಗಳಲ್ಲಿಟ್ಟು ಇಲ್ಲಿ ಲಿಂಕ್ ಮಾತ್ರ ಕೊಡುತ್ತಿದ್ದರು. ಆ ವರ್ಷ ಫೋಟೋಬಕೆಟ್ ಹಾಗೆ ಬೇರೆ ಕಡೆ ತೋರಿಸಬೇಕಾದರೆ ವರ್ಷಕ್ಕೆ 399.99 ಡಾಲರ್ ಕೊಡಿ ಅಂದಿತು. ಹವ್ಯಾಸಕ್ಕೆ ಬರೆಯುವವರು ಯಾರು ಅಷ್ಟು ಕೊಡುತ್ತಾರೆ? ಫೋಟೋ ಇದ್ದ ಜಾಗದಲ್ಲೆಲ್ಲ ಒಂದು ನೋಟಿಸ್ ಬಂದು ಕೂತಿತು. ಕಾರು ರಿಪೇರಿ, ಮರಗೆಲಸ, ಹಳೇ ರೇಡಿಯೋ, ಹೊಲಿಗೆ, ಎಲ್ಲ ಫೋರಂಗಳಲ್ಲೂ ಇದೇ ಕಥೆ. "ಚಿತ್ರದಲ್ಲಿ ಬಾಣದ ಗುರುತು ಇರುವ ಸ್ಕ್ರೂ ಬಿಚ್ಚಿ" ಅಂತ ಬರೆದಿರುತ್ತದೆ. ಬಾಣವೂ ಇಲ್ಲ, ಸ್ಕ್ರೂವೂ ಇಲ್ಲ.

ದೊಡ್ಡ ಕಂಪನಿಗಳ ಕೈಯಲ್ಲಿದ್ದವು ಉಳಿದವಾ? ಅವೂ ಹೋದವು. ಗೂಗಲ್‌ನ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸಿನಿಮಾ ಮಾಹಿತಿಯ ತಾಣ ಐಎಂಡಿಬಿ ತನ್ನ ಚರ್ಚಾ ವಿಭಾಗವನ್ನು 2017ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು, ಯಾಹೂ ಆನ್ಸರ್ಸ್ 2021ರ ಮೇ 4ರಂದು. ಯಾಹೂ ಗ್ರೂಪ್ಸ್ ಮುಚ್ಚುವ ಸುದ್ದಿ ಬಂದಾಗ ಆರ್ಕೈವ್ ಟೀಂ ಅನ್ನುವ ಸ್ವಯಂಸೇವಕರ ಗುಂಪು ಹಗಲು ರಾತ್ರಿ ಕೂತು ಸಿಕ್ಕಷ್ಟನ್ನು ನಕಲು ಮಾಡಿಟ್ಟಿತು. ಅವರಿಗೆ ನಾವೆಲ್ಲ ಋಣಿಗಳು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕಂಪನಿಗಳು ಮುಚ್ಚುವಾಗ ಹೇಳುವ ಕಾರಣ ಸಾಮಾನ್ಯವಾಗಿ ಒಂದೇ: ಬಳಕೆ ಕಡಿಮೆಯಾಗಿದೆ. ಬಳಕೆ ಅಂದರೆ ಅವರ ಲೆಕ್ಕದಲ್ಲಿ ಪೋಸ್ಟ್, ಲೈಕ್, ಕ್ಲಿಕ್. ಆನ್‌ಲೈನ್ ಸಮುದಾಯಗಳಲ್ಲಿ ನೂರಕ್ಕೆ 90 ಜನ ಸುಮ್ನೆ ಓದುತ್ತಾರೆ, 9 ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಒಬ್ಬರು ಮಾತ್ರ ಜಾಸ್ತಿ ಬರೆಯುತ್ತಾರೆ ಅಂತ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದಿದ್ದರು. ಲೆಕ್ಕ ಎಲ್ಲ ಕಡೆ ಕರಾರುವಾಕ್ಕಾಗಿ ಹೊಂದಬೇಕಿಲ್ಲ. ಆದರೆ ಫೋರಂ ನಡೆಸಿದ ಯಾರಿಗಾದರೂ ಇದು ನಿಜ ಅಂತ ಗೊತ್ತು. ಹೊಲಿಗೆ ಮಿಷಿನ್ ಕೆಟ್ಟು, ಗೂಗಲ್‌ನಿಂದ ಆ ಪುಟಕ್ಕೆ ಬಂದು, ಓದಿ, ಫುಟ್ ಎತ್ತಿ ದಾರ ಪೋಣಿಸಿ, ಕೆಲಸ ಮುಗಿಸಿಕೊಂಡು ಹೋದವರು ಲಾಗಿನ್ ಕೂಡ ಆಗಿರುವುದಿಲ್ಲ. ಫೋರಂನ ದೊಡ್ಡ ಉಪಕಾರ ನಡೆಯುತ್ತಿದ್ದದ್ದು ಅವರಿಗೆ. ಅವರು ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

"ಸರಿ, ವಾಟ್ಸಾಪ್ ಇದೆಯಲ್ಲ, ಡಿಸ್ಕಾರ್ಡ್ ಇದೆಯಲ್ಲ" ಅನ್ನುತ್ತಾರೆ. ಮಾತಾಡಲು ಅವು ತುಂಬಾ ಚೆನ್ನಾಗಿವೆ. ವಾಟ್ಸಾಪ್ ಗ್ರೂಪಿಗೆ 1024 ಜನ ಸೇರಬಹುದು. ಆದರೆ ಇವತ್ತು ಸೇರಿದವರಿಗೆ ಹಿಂದಿನ ಐದು ವರ್ಷ ಅಲ್ಲಿ ನಡೆದ ಮಾತು ಸಿಗುವುದಿಲ್ಲ. ಹೊರಗಿನಿಂದ ಹುಡುಕುವವರಿಗಂತೂ ಆ ಗ್ರೂಪ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಹಳೆಯದು ಉಳಿಯುತ್ತದೆ, ಆದರೆ ಒಳಗೆ ಬಂದ ಮೇಲೆ ಮಾತ್ರ. ಸರ್ಚ್ ಎಂಜಿನ್‌ಗೆ ಆ ಮಾತುಕತೆ ಕಾಣುವುದಿಲ್ಲ. ಎಷ್ಟೋ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳು ತಮ್ಮ ಸಹಾಯ ವಿಭಾಗವನ್ನೇ ಅಲ್ಲಿಗೆ ಸಾಗಿಸಿವೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. 2022ರಲ್ಲಿ ಡಿಸ್ಕಾರ್ಡ್ ತಾನೇ ಫೋರಂ ಚಾನೆಲ್ ಅನ್ನುವ ಸೌಲಭ್ಯ ತಂದಿತು. ಓಡುವ ಚಾಟ್‌ನಲ್ಲಿ ಪ್ರಶ್ನೋತ್ತರ ನಿಲ್ಲುವುದಿಲ್ಲ ಅಂತ ಅವರಿಗೂ ಅನಿಸಿರಬೇಕು.

ಹಾಗಾದರೆ ರೆಡಿಟ್? ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ಸಮುದಾಯ ಇರುವ ಚರ್ಚಾ ತಾಣ ಅದು. ಈಗಿರುವುದರಲ್ಲಿ ಫೋರಂಗೆ ಹತ್ತಿರದ್ದು ಅದೇ. ಹೊರಗಿನಿಂದ ಓದಬಹುದು, ಹುಡುಕಿದರೆ ಸಿಗುತ್ತದೆ. ಬಂಪ್ ಮಾತ್ರ ಇಲ್ಲ. ಒಂದು ವರ್ಷದ ಹಿಂದಿನ ಪೋಸ್ಟ್‌ಗೆ ನೀವು ಎಷ್ಟೇ ಒಳ್ಳೆಯ ಉತ್ತರ ಬರೆದರೂ ಅದು ಮೇಲೆ ಬರುವುದಿಲ್ಲ. ಜೊತೆಗೆ ಎಲ್ಲ ಸಮುದಾಯಗಳೂ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ. 2023ರಲ್ಲಿ ರೆಡಿಟ್ ತನ್ನ ಎಪಿಐಗೆ (ಬೇರೆಯವರ ಆ್ಯಪ್‌ಗಳು ಅಲ್ಲಿನ ಬರಹ ಪಡೆಯುವ ದಾರಿಗೆ) ದುಬಾರಿ ದರ ಇಟ್ಟಾಗ ಸಾವಿರಾರು ಸಬ್‌ರೆಡಿಟ್‌ಗಳು, ಅಂದರೆ ಅಲ್ಲಿನ ಸಮುದಾಯಗಳು, ಬಾಗಿಲು ಹಾಕಿ ಪ್ರತಿಭಟಿಸಿದವು. ದರ ಇಳಿಯಲಿಲ್ಲ. ರೆಡಿಟ್ ಓದಲು ಬಳಸುತ್ತಿದ್ದ ಅಪೋಲೋ ಅನ್ನುವ ಜನಪ್ರಿಯ ಆ್ಯಪ್ ಜೂನ್ 30ಕ್ಕೆ ನಿಂತಿತು. ಮರುವರ್ಷ ಗೂಗಲ್ ಮತ್ತು ರೆಡಿಟ್ ನಡುವೆ ಒಪ್ಪಂದವಾಯಿತು. ರೆಡಿಟ್‌ನ ಬರಹಗಳನ್ನು ಎಐ ತರಬೇತಿಗೆ ಬಳಸಲು ಗೂಗಲ್ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಕೊಡುತ್ತದೆ ಅಂತ ಪತ್ರಿಕೆಗಳು ವರದಿ ಮಾಡಿದವು. ಬಳಕೆ ಇಲ್ಲ ಅಂತ ಒಂದು ಕಡೆ ಅಳಿಸಿಹಾಕಿದ್ದು ಇಂಥದ್ದೇ ಮಾತುಕತೆಯನ್ನು.

ಈಗ ಕೊನೆಯದಾಗಿ ಕೇಳುವ ಪ್ರಶ್ನೆ, "ಎಐ ಕೇಳಿದರೆ ಉತ್ತರ ಸಿಗುತ್ತಲ್ಲ, ಫೋರಂ ಯಾಕೆ?" ಹೊಲಿಗೆ ಮಿಷಿನ್ ಪ್ರಶ್ನೆಗೆ ಸಿಗುತ್ತದೆ, ಸರಿಯಾಗಿಯೇ ಸಿಗುತ್ತದೆ. ಯಾಕಂದರೆ ಆ ಪ್ರಶ್ನೆಗೆ ಇಪ್ಪತ್ತು ವರ್ಷಗಳಿಂದ ಜನ ಬಹಿರಂಗವಾಗಿ ಉತ್ತರ ಬರೆದಿದ್ದಾರೆ. ಮುಂದಿನ ವರ್ಷ ಬರುವ ಹೊಸ ಮಿಷಿನ್‌ನ ಹೊಸ ತೊಂದರೆಗೆ ಯಾರು ಎಲ್ಲಿ ಬರೆಯುತ್ತಾರೆ? ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2008ರಲ್ಲಿ ಶುರುವಾಗಿ ಕೋಟ್ಯಂತರ ಉತ್ತರಗಳನ್ನು ಕೂಡಿಹಾಕಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿ ಬರುವ ಹೊಸ ಪ್ರಶ್ನೆಗಳು ತೀರಾ ಕುಸಿದಿವೆ. ಎಐ ಜೊತೆ ಒಬ್ಬರು ಕೂತು ಬಗೆಹರಿಸಿಕೊಂಡದ್ದು ಅವರ ಪರದೆಯಲ್ಲೇ ಉಳಿಯುತ್ತದೆ. ವಾಪಸ್ ಬಂದು "ಸರಿ ಹೋಯ್ತು" ಅಂತ ಬರೆಯಲು ಅಲ್ಲಿ ಪುಟವೇ ಇಲ್ಲ.

ಫೋರಂಗಳು ಪೂರ್ತಿ ಸತ್ತಿಲ್ಲ. 1999ರಲ್ಲಿ ಶುರುವಾದ ಮೆಟಾಫಿಲ್ಟರ್ ನಡೆಯುತ್ತಿದೆ. 2007ರ ಹ್ಯಾಕರ್ ನ್ಯೂಸ್ ನಡೆಯುತ್ತಿದೆ. 2013ರಲ್ಲಿ ಬಂದ ಡಿಸ್ಕೋರ್ಸ್ ಅನ್ನುವ ಸಾಫ್ಟ್‌ವೇರ್ ಫೋನಿನಲ್ಲೂ ಚೆನ್ನಾಗಿ ಓದಲು ಬರುತ್ತದೆ, ಉಚಿತವಾಗಿ ಸಿಗುತ್ತದೆ. ಹಾಗಾಗಿ "ನಾನೂ ಒಂದು ಶುರು ಮಾಡಲಾ?" ಅಂತ ಕೇಳುವವರಿಗೆ ನಾನು ಮಾಡಿ ಅಂತಲೇ ಹೇಳುತ್ತೇನೆ. ಮೊದಲ ದಿನವೇ ಮೂವತ್ತು ವಿಭಾಗ ಮಾಡಬೇಡಿ, ಖಾಲಿ ವಿಭಾಗ ನೋಡಿದವರು ಬರೆಯುವುದಿಲ್ಲ. ಎರಡು ಮೂರು ಸಾಕು. ಲಾಗಿನ್ ಇಲ್ಲದೆ ಓದಲು ಬಿಡಿ. ಫೋಟೋಗಳನ್ನು ನಿಮ್ಮ ಸರ್ವರ್‌ನಲ್ಲೇ ಇಡಿ. ಡೊಮೇನ್ ಮತ್ತು ಬ್ಯಾಕಪ್‌ನ ಪಾಸ್‌ವರ್ಡ್ ಕನಿಷ್ಠ ಇಬ್ಬರ ಹತ್ತಿರ ಇರಲಿ. ಹೊಸಬರು ಹಳೇ ಪ್ರಶ್ನೆಯನ್ನೇ ಕೇಳಿದರೆ ಹಳೇ ಥ್ರೆಡ್‌ನ ಲಿಂಕ್ ಕೊಟ್ಟು, ಜೊತೆಗೆ ಅವರಿಗಾಗಿ ಎರಡು ಸಾಲು ಬರೆಯಿರಿ.

ಗ್ರೂಪುಗಳಲ್ಲೇ ಇರುತ್ತೀರಾ? ಇರಿ. ಆದರೆ ಅಲ್ಲಿ ನಿಮ್ಮ ಕಷ್ಟ ಬಗೆಹರಿದರೆ, ಏನು ಮಾಡಿದಾಗ ಸರಿ ಹೋಯ್ತು ಅನ್ನುವುದನ್ನು ಮಾಡೆಲ್ ಹೆಸರು, ವರ್ಷದ ಜೊತೆ ಎಲ್ಲರಿಗೂ ಸಿಗುವ ಒಂದು ಕಡೆ ಬರೆದಿಡಿ.

ಮತ್ತು ಹಳೇ ಫೋರಂ ನಡೆಸುತ್ತಾ ಸುಸ್ತಾದವರಿಗೆ ನನ್ನದೊಂದು ವಿನಂತಿ. ಮುಚ್ಚುವುದಾದರೆ ಒಂದೇ ಸಲ ಅಳಿಸಬೇಡಿ. ಸದಸ್ಯರಿಗೆ ಕೆಲವು ತಿಂಗಳು ಮೊದಲೇ ತಿಳಿಸಿ. ಹೊಸ ಪೋಸ್ಟ್ ನಿಲ್ಲಿಸಿ, ಖಾಸಗಿ ಸಂದೇಶಗಳನ್ನೂ ಇಮೇಲ್ ವಿಳಾಸಗಳನ್ನೂ ತೆಗೆದು, ಉಳಿದ ಪುಟಗಳನ್ನು ಬರೀ ಓದಲು ಬರುವ ಎಚ್‌ಟಿಎಂಎಲ್ ಪ್ರತಿಯಾಗಿ ಇಟ್ಟುಬಿಡಿ. ಅದಕ್ಕೆ ಡೇಟಾಬೇಸ್ ಬೇಡ, ಮಾಡರೇಟರ್ ಬೇಡ, ಖರ್ಚೂ ತುಂಬಾ ಕಡಿಮೆ. ಪುಟಗಳ ವಿಳಾಸ ಮಾತ್ರ ಬದಲಾಯಿಸಬೇಡಿ, ಬೇರೆ ಕಡೆಗಳಿಂದ ಬರುವ ಹಳೇ ಲಿಂಕ್‌ಗಳು ಕೆಲಸ ಮಾಡುತ್ತಲೇ ಇರಬೇಕು.